ಹೆಡ್ ಕೆಲಸ ಆದಮೇಲೂ ಟಕಟಕ ನಿಂತಿಲ್ಲ, ಪುಶ್‌ರಾಡ್ ಕತ್ತರಿಸಬೇಕಂತೆ (ಅಂಬಾಸಿಡರ್ 1489 ಸಿಸಿ, ತುಮಕೂರು)

ಅಂಬಿ ತುಮಕೂರು

ಎಲ್ಲರಿಗೂ ನಮಸ್ಕಾರ. ಅಪ್ಪನ ಅಂಬಾಸಿಡರ್, ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್. ಕ್ಯಾತ್ಸಂದ್ರದ ಮನೆ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿತ್ತು. ಈ ಯುಗಾದಿಗೆ ಎಬ್ಬಿಸೋಣ ಅಂತ ಹೆಡ್ (ಎಂಜಿನ್ನಿನ ಮೇಲಿನ ಭಾಗ, ವಾಲ್ವ್ ಇರೋದು ಇದರಲ್ಲೇ) ಇಳಿಸಿ ಒಂದು ಲೇತ್ ಅಂಗಡಿಗೆ ಕೊಟ್ಟೆ. ಎಂಟೂ ಗೈಡ್ (ವಾಲ್ವ್ ಕಾಂಡ ಓಡಾಡೋ ಕೊಳವೆ) ಹೊಸದು, ಎಂಟೂ ವಾಲ್ವ್ ಹೊಸದು, ಸೀಟ್ ಕಟಿಂಗ್ (ವಾಲ್ವ್ ಕೂರೋ ಅಂಚು ಕೆರೆಯೋದು), ಹೆಡ್ ಫೇಸಿಂಗ್ (ಕೆಳಗಿನ ಮುಖ ಕೆರೆದು ಚಪ್ಪಟೆ ಮಾಡೋದು) 0.4 ಮಿ.ಮೀ. ಬಿಲ್ ನೋಡಿ ಅಪ್ಪ ಎರಡು ದಿನ ಮಾತಾಡಲಿಲ್ಲ.

ಜೋಡಿಸಿ ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದ ಹಾಗೆ ಟಕಟಕ. ಟ್ಯಾಪೆಟ್, ಅಂದ್ರೆ ವಾಲ್ವ್ ತುದಿಗೂ ಅದನ್ನ ಒತ್ತೋ ರಾಕರ್ ತೋಳಿಗೂ ನಡುವಿನ ಸಂದು, ನಾಲ್ಕು ಸಲ ಸೆಟ್ ಮಾಡಿದೆ, 15 ಥೌ (ಇಂಚಿನ ಸಾವಿರ ಭಾಗದಲ್ಲಿ 15), ಎಂಜಿನ್ ತಣ್ಣಗಿದ್ದಾಗ. ಸದ್ದು ಹೋಗಲಿಲ್ಲ. ಇನ್ನೊಂದು ವಿಷಯ: ರಾಕರ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂಗಳು ಪೂರ್ತಿ ಮೇಲಕ್ಕೆ ಬಂದು ನಿಂತಿವೆ. ಎಕ್ಸಾಸ್ಟ್ ವಾಲ್ವ್‌ಗಳಲ್ಲಂತೂ ಇನ್ನು ಅರ್ಧ ಸುತ್ತು ಬಿಚ್ಚೋಕೂ ಜಾಗ ಇಲ್ಲ.

ಅಂಗಡಿಯವರು "ಫೇಸಿಂಗ್ ಮಾಡಿದ್ದಕ್ಕೆ ಹೆಡ್ ಕೆಳಗೆ ಬಂದಿದೆ, ಪುಶ್‌ರಾಡ್ 2 ಮಿ.ಮೀ. ಕಡಿಮೆ ಮಾಡಿಸಿ" ಅಂತಾರೆ (ರಾಕರ್ ತೋಳಿನ ಇನ್ನೊಂದು ತುದಿಯನ್ನ ಕೆಳಗಿನಿಂದ ತಳ್ಳೋ ಕಡ್ಡಿ ಅದು). 0.4 ತೆಗೆದಿದ್ದಕ್ಕೆ 2 ಮಿ.ಮೀ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಕತ್ತರಿಸಲಾ, ಬೇಡವಾ?

ಗುಬ್ಬಿ ಗೇಟ್

ಅಂಬಾಸಿಡರ್ ಸದ್ದು ಮಾಡ್ತಿದೆ ಅಂದ್ರೆ ಬದುಕಿದೆ ಅಂತ ಅರ್ಥ ಗುರು. ಸದ್ದು ನಿಂತ ದಿನ ಗಾಬರಿಯಾಗು.

ಕೆಜಿಎಫ್ ಫಿಟ್ಟರ್

ಅಂಗಡಿಯವರು ಹೇಳಿದ್ದು ಸರಿ ಇದೆ. ಹೆಡ್ ತೆಳುವಾದರೆ ಪುಶ್‌ರಾಡ್ ಉದ್ದ ಆದ ಹಾಗೇ ಅಲ್ವಾ? ಪುಶ್‌ರಾಡ್ ಉದ್ದ ತಪ್ಪಿದರೆ ರಾಕರ್ ಓರೆ ನಿಲ್ಲುತ್ತೆ, ವಾಲ್ವ್ ತುದಿ ಸವೆಯುತ್ತೆ. ಅಮೆರಿಕದವರ ವಿಡಿಯೋ ನೋಡಿ, ಎಲ್ಲರೂ ಮೊದಲು ಉದ್ದ ಬದಲಾಯಿಸೋ ಪುಶ್‌ರಾಡ್ ಹಾಕಿ ಅಳೆದು, ಆಮೇಲೆ ಸರಿಯಾದ ಸೈಜ್ ಮಾಡಿಸ್ತಾರೆ. ನಾನು ಮೂವತ್ತು ವರ್ಷ ಮಣ್ಣೆತ್ತೋ ಯಂತ್ರಗಳ ಎಂಜಿನ್ ಬಿಚ್ಚಿದವನು, ಸುಮ್ನೆ ಹೇಳ್ತಿಲ್ಲ.

ಹಳೇ ಟೂಲ್‌ರೂಮ್

ಕತ್ತರಿಸಬೇಡಿ. ಇನ್ನೂ ಬೇಡ.

ನಾನು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಇದ್ದವನು. ಅಳೆಯದೇ ಕತ್ತರಿಸೋದು ಅಂದ್ರೆ ನನಗೆ ಈಗಲೂ ಮೈ ಉರಿಯುತ್ತೆ. ಅಂಬಿ ಅವರೇ, ಮೂರು ವಿಷಯ ನೋಡಿ ಹೇಳಿ. ರಾಕರ್‌ಗಳು ಹಳೆಯವೋ ಹೊಸವೋ? ಹಳೆಯವಾದರೆ ವಾಲ್ವ್ ಮೇಲೆ ಕೂರೋ ಮುಖದಲ್ಲಿ ಬೆರಳಿಗೆ ಸಿಗುವಂಥ ಗುಂಡಿ, ಅಂದ್ರೆ ಸವೆದು ಬಿದ್ದ ತಗ್ಗು, ಇದೆಯಾ? ಹೆಡ್‌ನಲ್ಲಿ ಸ್ಪ್ರಿಂಗ್ ಕೂರೋ ಜಾಗದಿಂದ ವಾಲ್ವ್ ತುದಿಗೆ ಎಷ್ಟು ಎತ್ತರ, ಎಂಟಕ್ಕೆ ಎಂಟೂ ಅಳೆದು ಹಾಕಿ.

ಅಂಬಿ ತುಮಕೂರು

ಸರ್, ರಾಕರ್ ಹಳೆಯವೇ. ಉಗುರು ಓಡಿಸಿದರೆ ತಗ್ಗಿನ ಅಂಚಿನಲ್ಲಿ ಟಕ್ ಅಂತ ನಿಲ್ಲುತ್ತೆ. ಎತ್ತರ ಅಳೆಯೋಕೆ ಹೆಡ್ ಮತ್ತೆ ಇಳಿಸಬೇಕು. ಭಾನುವಾರ ಮಾಡ್ತೀನಿ.

ಹಳೇ ಟೂಲ್‌ರೂಮ್

ಅಲ್ಲಿಯವರೆಗೆ ಸದ್ದಿನ ವಿಷಯ ಹೇಳಿಬಿಡ್ತೀನಿ. ಸಂದು ಅಳೆಯೋ ನಿಮ್ಮ ಫೀಲರ್ ಗೇಜ್ ಬ್ಲೇಡ್ ಚಪ್ಪಟೆ, ರಾಕರ್ ಮುಖದಲ್ಲಿ ಗುಂಡಿ. ಬ್ಲೇಡ್ ಗುಂಡಿಯ ಎರಡು ಅಂಚಿನ ಮೇಲೆ ಸೇತುವೆ ಹಾಗೆ ಕೂರುತ್ತೆ. ನೀವು 15 ಥೌ ಅಂತೀರಿ, ವಾಲ್ವ್ ತುದಿ ಗುಂಡಿಯೊಳಗೆ ಇಳಿದಾಗ ನಿಜವಾದ ಸಂದು 20 ಥೌ ದಾಟಿರುತ್ತೆ. ನಾಲ್ಕಲ್ಲ, ನಲವತ್ತು ಸಲ ಸೆಟ್ ಮಾಡಿದರೂ ಅಷ್ಟೇ. ಇನ್ನೊಂದು ತೊಂದರೆ, ಗುಂಡಿ ಬಿದ್ದಿದ್ದು ಹಳೇ ವಾಲ್ವ್ ಹಳೇ ಎತ್ತರದಲ್ಲಿ ಇದ್ದಾಗ. ಈಗ ವಾಲ್ವ್ ಬೇರೆ ಎತ್ತರದಲ್ಲಿದೆ, ತಾಗೋ ಜಾಗ ಜರುಗಿದೆ, ಗುಂಡಿಯ ದಿಬ್ಬದ ಮೇಲೇ ಕುಣಿಯುತ್ತಿದೆ.

ಬುಲೆಟ್ ಹುಡ್ಗ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಹಳೇ ಕಾಸ್ಟ್ ಐರನ್ ಬುಲೆಟ್ 350. ಅದಕ್ಕೂ 15 ಥೌ ಇಡಬೇಕಾ?

ಹಳೇ ಟೂಲ್‌ರೂಮ್

ಬೇಡಪ್ಪ! ಅದರಲ್ಲಿ ಅಡ್ಜಸ್ಟರ್ ಪುಶ್‌ರಾಡ್ ಬುಡದಲ್ಲಿದೆ, ಪಕ್ಕದ ಮುಚ್ಚಳ ತೆಗೆದರೆ ಸಿಗುತ್ತೆ. ತಣ್ಣಗಿರುವಾಗ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಷ್ಟೇ.

ಕೆಜಿಎಫ್ ಫಿಟ್ಟರ್

ಗುಂಡಿ ವಿಷಯ ಒಪ್ಪಿದೆ ಸಾರ್. ಆದರೆ ಸ್ಕ್ರೂ ಮೇಲಕ್ಕೆ ಬಂದಿರೋದಕ್ಕೆ ಏನಂತೀರಿ? ಅದು ಪುಶ್‌ರಾಡ್ ಉದ್ದದ ಗುರುತೇ ತಾನೇ.

ಹಳೇ ಟೂಲ್‌ರೂಮ್

ಗುರುತು ಹೌದು, ರೋಗ ಅದಲ್ಲ. ನೀವು ನೋಡಿದ ಅಮೆರಿಕನ್ ಎಂಜಿನ್‌ಗಳಲ್ಲಿ ಪ್ರತಿ ರಾಕರ್‌ಗೂ ಬೇರೆ ಬೇರೆ ಸ್ಟಡ್ (ನಿಂತ ಬೋಲ್ಟ್). ಆ ಸ್ಟಡ್ ಮೇಲೆ ರಾಕರ್ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದನ್ನ ಪುಶ್‌ರಾಡ್ ತೀರ್ಮಾನ ಮಾಡುತ್ತೆ. ಅಲ್ಲಿ ಉದ್ದ ಬದಲಾದರೆ ರಾಕರ್‌ನ ಓರೆಯೂ ಬದಲಾಗುತ್ತೆ. ಅವರು ಅಳೆಯೋದು ಅದಕ್ಕೇ.

ಅಂಬಾಸಿಡರ್‌ನಲ್ಲಿ ಎಂಟೂ ರಾಕರ್ ಒಂದೇ ಶಾಫ್ಟ್ ಮೇಲೆ. ಶಾಫ್ಟ್ ಸ್ಟ್ಯಾಂಡ್‌ಗಳ ಮೇಲೆ, ಸ್ಟ್ಯಾಂಡ್ ಹೆಡ್ ಮೇಲೆ. ವಾಲ್ವ್ ಕೂಡ ಹೆಡ್‌ನಲ್ಲೇ. ಅಂದ್ರೆ ಶಾಫ್ಟ್‌ಗೂ ವಾಲ್ವ್ ತುದಿಗೂ ಇರೋ ಸಂಬಂಧ ಪೂರ್ತಿ ಹೆಡ್ ಒಳಗಿನ ಸಂಸಾರ. ಹೆಡ್‌ನ ಕೆಳಗಿನ ಮುಖ 0.4 ಅಲ್ಲ, 4 ಮಿ.ಮೀ. ಕೆರೆದರೂ ಆ ಸಂಬಂಧ ಬದಲಾಗಲ್ಲ. ಪುಶ್‌ರಾಡ್ ಗಿಡ್ಡ ಮಾಡಿದರೆ ಸ್ಕ್ರೂ ಕೆಳಗೆ ಬರುತ್ತೆ, ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ವಾಲ್ವ್ ಕಡೆ ರಾಕರ್ ಮೊದಲು ಹೇಗೆ ಓರೆ ಇತ್ತೋ ಹಾಗೇ ಇರುತ್ತೆ.

ನಂಬಿಕೆ ಇಲ್ಲ ಅಂದ್ರೆ ಹೆಡ್ ಬೆಂಚಿನ ಮೇಲಿಟ್ಟು, ಶಾಫ್ಟ್ ಕಟ್ಟಿ, ರಾಕರ್ ಕೈಯಲ್ಲಿ ಒತ್ತಿ ನೋಡಿ. ವಾಲ್ವ್ ಮೇಲೆ ರಾಕರ್ ಹೇಗೆ ಜಾರುತ್ತೆ ಅನ್ನೋದು ಪೂರ್ತಿ ಕಾಣುತ್ತೆ. ಪುಶ್‌ರಾಡ್ ಅಲ್ಲಿ ಇರೋದೇ ಇಲ್ಲ!

ಕೆಜಿಎಫ್ ಫಿಟ್ಟರ್

ಹಾಂ... ಈ ಬೆಂಚಿನ ಮಾತು ಯೋಚನೆ ಮಾಡಬೇಕಾದ್ದೇ. ಹಾಗಾದರೆ ಸ್ಕ್ರೂ ಅಷ್ಟು ಯಾಕೆ ಮೇಲೆ ಹೋಯ್ತು? ಫೇಸಿಂಗ್‌ದು 0.4 ಮಾತ್ರ.

ಹಳೇ ಟೂಲ್‌ರೂಮ್

ಉಳಿದಿದ್ದು ಸೀಟ್ ಕಟಿಂಗ್‌ನಿಂದ. ಸೀಟ್ ಕೆರೆದ ಹಾಗೆ ವಾಲ್ವ್ ಹೆಡ್ ಒಳಗೆ ಮುಳುಗುತ್ತೆ, ಅದರ ತುದಿ ಮೇಲೆ ಏಳುತ್ತೆ. 45 ಡಿಗ್ರಿ ಸೀಟಿನಲ್ಲಿ ಮುಖದಿಂದ 0.5 ಮಿ.ಮೀ. ತೆಗೆದರೆ ವಾಲ್ವ್ ಮುಳುಗೋದು 0.5 ಅಲ್ಲ, 0.7. ಓರೆ ಮುಖ ಅಲ್ವಾ, 1.41ರಿಂದ ಗುಣಿಸಬೇಕು. ಇದನ್ನ ಮರೆತೇ ಜನ ಕೆಡಿಸೋದು. ಜೊತೆಗೆ ಹೊಸ ವಾಲ್ವ್‌ನ ಕಾಂಡ ಹಳೆಯದಕ್ಕಿಂತ ಉದ್ದ ಇದೆಯೋ ಏನೋ, ಅದನ್ನೂ ಹೋಲಿಸಿ ನೋಡಿ.

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ

ನಮ್ಮ ಟ್ರ್ಯಾಕ್ಟರ್ ಕಥೆ ಇದೇ. ಎರಡು ಸಲ ಹೆಡ್ ಕೆಲಸ ಆಯ್ತು, ಎರಡು ಸಲವೂ ಸೀಟ್ ಕಟಿಂಗ್. ಎರಡನೇ ಸಲ ಆದಮೇಲೆ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗೋದೇ ಕಷ್ಟ, ಆದಮೇಲೆ ಹತ್ತು ನಿಮಿಷ ಬಿಳಿ ಹೊಗೆ. ಪಂಪ್ ಬಿಚ್ಚಿಸಿದೆ, ನಾಜಲ್ ಬದಲಾಯಿಸಿದೆ, ದುಡ್ಡು ಸುರಿದೆ. ಕೊನೆಗೆ ಚಿಂತಾಮಣಿ ಕಡೆ ಒಬ್ಬ ಹಳೇ ಮೆಕ್ಯಾನಿಕ್ ಹೆಡ್ ತಿರುಗಿಸಿ ಇಟ್ಟು ಸ್ಕೇಲ್ ಅಡ್ಡ ಹಿಡಿದು ತೋರಿಸಿದರು. ವಾಲ್ವ್‌ಗಳು ಬಾವಿಯೊಳಗೆ ಬಿದ್ದ ಬಿಂದಿಗೆ ಹಾಗೆ ಆಳದಲ್ಲಿ! ಅಷ್ಟೂ ಜಾಗ ಕಂಪ್ರೆಷನ್ ತಿನ್ನುತ್ತಿತ್ತು. ಹೊಸ ಸೀಟ್ ಹೊಡೆಸಿದ ಮೇಲೆ ಅರ್ಧ ಸುತ್ತಿಗೆ ಸ್ಟಾರ್ಟ್.

ಹಳೇ ಟೂಲ್‌ರೂಮ್

ಡೀಸೆಲ್‌ನಲ್ಲಿ ಅದಕ್ಕೇ ವಾಲ್ವ್ ಆಳಕ್ಕೆ ಮಿತಿ ಕೊಟ್ಟಿರ್ತಾರೆ. ಪೆಟ್ರೋಲ್‌ನಲ್ಲಿ ಆ ಬಾಧೆ ಕಡಿಮೆ, ಹಾಗಾಗಿ ಯಾರೂ ನೋಡಲ್ಲ.

ಎಸ್‌ಐಟಿ ಮೆಕ್ಯಾನಿಕಲ್

ಸರ್, ನಾನು ಮೂರನೇ ವರ್ಷದ ವಿದ್ಯಾರ್ಥಿನಿ. ರಾಕರ್ ಓರೆ ಆದರೆ ಎಷ್ಟು ನಷ್ಟ ಅಂತ ಸುಮ್ನೆ ಲೆಕ್ಕ ಹಾಕಿದೆ. ರಾಕರ್‌ನ ವಾಲ್ವ್ ಕಡೆ ತೋಳು 40 ಮಿ.ಮೀ., ವಾಲ್ವ್ ಲಿಫ್ಟ್ (ವಾಲ್ವ್ ತೆರೆಯೋ ದೂರ) 8 ಮಿ.ಮೀ. ಅಂತ ಇಟ್ಟುಕೊಂಡೆ. ಅರ್ಧ ಲಿಫ್ಟ್‌ನಲ್ಲಿ ತೋಳು ವಾಲ್ವ್‌ಗೆ ಸರಿಯಾಗಿ 90 ಡಿಗ್ರಿ ಇದ್ದರೆ ತುದಿ ಮೇಲೆ ಜಾರೋದು 0.20 ಮಿ.ಮೀ. ವಾಲ್ವ್ ತುದಿ 1 ಮಿ.ಮೀ. ಎದ್ದರೆ 0.31. 2 ಮಿ.ಮೀ. ಎದ್ದರೆ 0.45. ತೋಳು ಪೂರ್ತಿ ಒಂದೇ ಕಡೆ ಓಡಾಡಿದರೆ 0.81, ಅಂದ್ರೆ ನಾಲ್ಕು ಪಟ್ಟು. ಆದರೆ ರಾಕರ್ ಮುಖ ರೋಲರ್ ಅಲ್ಲ, ಬಾಗಿದ ಮುಖ. ಆಗಲೂ ಈ ಲೆಕ್ಕ ನಡೆಯುತ್ತಾ?

ಹಳೇ ಟೂಲ್‌ರೂಮ್

ಭೇಷ್ ಮಗಳೇ. ನಡೆಯುತ್ತೆ. ಆ ಬಾಗಿನ ಕೇಂದ್ರ ಎಲ್ಲಿದೆಯೋ ಅಲ್ಲೊಂದು ರೋಲರ್ ಇದೆ ಅಂದುಕೋ. ಶಾಫ್ಟ್ ನಡುವಿನಿಂದ ಆ ಕೇಂದ್ರಕ್ಕೆ ಗೆರೆ ಎಳೆದು, ಅದು ಅರ್ಧ ಲಿಫ್ಟ್‌ನಲ್ಲಿ ವಾಲ್ವ್ ಕಾಂಡಕ್ಕೆ 90 ಡಿಗ್ರಿ ಇರಬೇಕು. ಮುಖ ಸವೆದು ಗುಂಡಿ ಆದರೆ ಬಾಗೇ ಹೋಯ್ತು, ಲೆಕ್ಕವೂ ಹೋಯ್ತು.

ನಿನ್ನ ಅಂಕಿ ನೋಡಿದರೆ 1 ಮಿ.ಮೀ.ಗೆ ಪ್ರಪಂಚ ಮುಳುಗಲ್ಲ ಅಂತಲೂ ಗೊತ್ತಾಗುತ್ತೆ. ಹೆದರಿಸೋದು ಬೇಡ. ಆದರೆ ಜಾರುವಿಕೆ ಜಾಸ್ತಿ ಆದಷ್ಟೂ ವಾಲ್ವ್ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತೆ, ಗೈಡ್ ಮೊಟ್ಟೆ ಆಕಾರಕ್ಕೆ ಸವೆಯುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಹೊಸ ಗೈಡ್ ಹಾಕಿಸಿ ವರ್ಷದೊಳಗೆ ಮತ್ತೆ ಎಣ್ಣೆ ಕುಡಿಯೋ ಎಂಜಿನ್‌ಗಳಲ್ಲಿ ಇದನ್ನೂ ಒಮ್ಮೆ ನೋಡಬೇಕು.

ಅಂಬಿ ತುಮಕೂರು

ಭಾನುವಾರದ ವರದಿ. ಹೆಡ್ ಇಳಿಸಿದೆ. ಹೋಲಿಸೋಕೆ ಶಿರಾ ಗೇಟ್ ಕಡೆಯ ಗುಜರಿಯಲ್ಲಿ ಒಂದು ಹಳೇ ಹೆಡ್ ಸಿಕ್ಕಿತು. ಮಣ್ಣು, ಗ್ರೀಸು, ಒಂದು ಪೋರ್ಟ್‌ನಲ್ಲಿ ಜೇಡರ ಗೂಡು. ಅದನ್ನ ಸೀಮೆಎಣ್ಣೆಯಲ್ಲಿ ತೊಳೆದು ವರ್ನಿಯರ್‌ನಲ್ಲಿ ಎರಡೂ ಅಳೆದೆ.

ನನ್ನ ಇನ್‌ಲೆಟ್ ವಾಲ್ವ್‌ಗಳ ತುದಿ ಗುಜರಿ ಹೆಡ್‌ಗಿಂತ 0.9ರಿಂದ 1.1 ಮಿ.ಮೀ. ಎತ್ತರ. ಎಕ್ಸಾಸ್ಟ್ 1.6ರಿಂದ 2.1! ಒಂದೇ ಹೆಡ್‌ನಲ್ಲಿ ಒಂದೊಂದು ಒಂದೊಂದು ಎತ್ತರ. ಹೊಸ ವಾಲ್ವ್‌ಗಳ ಉದ್ದ ಹಳೆಯವಷ್ಟೇ ಇದೆ. ಅಂದ್ರೆ ಅಷ್ಟೂ ಸೀಟ್‌ನದೇ. ಎಕ್ಸಾಸ್ಟೇ ಯಾಕೆ ಜಾಸ್ತಿ?

ಹಳೇ ಟೂಲ್‌ರೂಮ್

ಅದಕ್ಕೆ ಲೇತ್ ಅಂಗಡಿಯವರನ್ನ ಪೂರ್ತಿ ಬೈಯಬೇಡಿ. ಈ ಎಂಜಿನ್‌ನಲ್ಲಿ ಸೀಟ್ ಅಂದ್ರೆ ಹೆಡ್‌ನ ಎರಕದ ಕಬ್ಬಿಣವೇ, ಬೇರೆ ಬಳೆ ಇಲ್ಲ. ಹಿಂದೆ ಪೆಟ್ರೋಲ್‌ನಲ್ಲಿ ಸೀಸ ಇತ್ತು, ಅದು ಸೀಟ್ ಮೇಲೆ ತೆಳ್ಳಗೆ ಕೂತು ಕಾಪಾಡುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ. ಬಿಸಿ ಜಾಸ್ತಿ ಬೀಳೋ ಎಕ್ಸಾಸ್ಟ್ ಸೀಟ್ ಆಗಿನಿಂದ ಸವೆಯುತ್ತಾ ಬಂದಿದೆ. ಅದರ ಮೇಲೆ ಈಗ ಕಟಿಂಗ್.

ಈಗ ಮಾಡಬೇಕಾದ್ದು: ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ಬಳೆ ಹೊಡೆಸಿ. ಕಟ್ ಮಾಡುವಾಗ ಒಂದೊಂದಕ್ಕೂ ಎತ್ತರ ಅಳೆದು ಇನ್‌ಲೆಟ್‌ನ ಮಟ್ಟಕ್ಕೆ ತರಲು ಹೇಳಿ. ಮೊದಲು ಎಂಟೂ ಒಂದೇ ಮಟ್ಟಕ್ಕೆ ಬರಬೇಕು. ಎಂಟು ಎಂಟು ರೀತಿ ಇದ್ದರೆ ಒಂದೇ ಶಾಫ್ಟ್ ಯಾರಿಗೆ ಅಂತ ಹೊಂದಿಕೊಳ್ಳುತ್ತೆ? ವಾಲ್ವ್ ತುದಿ ಉಜ್ಜಿ ಸರಿ ಮಾಡ್ತೀವಿ ಅಂದರೆ 0.2, 0.3ರವರೆಗೆ ಮಾತ್ರ ಒಪ್ಪಿ. ತುದಿಯ ಗಟ್ಟಿ ಪದರ ತೆಳ್ಳಗಿರುತ್ತೆ, ಅದು ಹೋದರೆ ಮೆತ್ತನೆ ಕಬ್ಬಿಣ ಅಣಬೆ ಹಾಗೆ ಅರಳುತ್ತೆ.

ಎಂಟೂ ಸಮ ಆದಮೇಲೆ ಉಳಿಯೋ 1 ಮಿ.ಮೀ.ಗೆ ಸ್ಟ್ಯಾಂಡ್ ಕೆಳಗೆ ಅಷ್ಟೇ ದಪ್ಪದ ಶಿಮ್ (ಎತ್ತರ ಸರಿ ಮಾಡೋ ಹಾಳೆ). ಶಾಫ್ಟೂ 1 ಮಿ.ಮೀ. ಏಳುತ್ತೆ, ಸಂಸಾರ ಸರಿಹೋಗುತ್ತೆ. ವಾಲ್ವ್ ಎದ್ದಷ್ಟು ಸ್ಪ್ರಿಂಗ್ ಕೂಡ ಸಡಿಲ ಆಗಿರುತ್ತೆ, ಅದರ ಕೆಳಗೂ ವಾಷರ್ ಬೇಕು. ಮರೆಯಬೇಡಿ.

ಗುಬ್ಬಿ ಗೇಟ್

ಶಿಮ್ ಅಂದ್ರೆ ಪೌಡರ್ ಡಬ್ಬಿ ತಗಡು ನಡೆಯುತ್ತಾ ಸ್ವಾಮಿ?

ಹಳೇ ಟೂಲ್‌ರೂಮ್

ತಗಡು ಬಿಸಾಡಿ, ಪೌಡರ್ ಇಟ್ಟುಕೊಳ್ಳಿ. ಚಪ್ಪಟೆಯಾದ ಉಕ್ಕಿನ ಹಾಳೆಯೇ ಬೇಕು, ನಾಲ್ಕೂ ಸ್ಟ್ಯಾಂಡ್‌ಗೆ ಒಂದೇ ಹಾಳೆಯಿಂದ.

ಕೆಜಿಎಫ್ ಫಿಟ್ಟರ್

ಒಂದು ಮಾತು ನಾನೂ ಸೇರಿಸ್ತೀನಿ, ಇದು ಅನುಭವ. ಒಂದು ಸ್ಟ್ಯಾಂಡ್ ಕೆಳಗೆ ಎಣ್ಣೆ ಬರೋ ತೂತು ಇರುತ್ತೆ. ಶಿಮ್‌ನಲ್ಲಿ ಆ ತೂತು ಬಿಡದೇ ಹೋದರೆ ಶಾಫ್ಟ್‌ಗೆ ಎಣ್ಣೆಯೇ ಇಲ್ಲ. ನನ್ನ ಕೈಯಲ್ಲೇ ಒಮ್ಮೆ ಹೀಗಾಗಿ ಶಾಫ್ಟ್ ಅರ್ಧ ದಿನದಲ್ಲಿ ನೀಲಿ ತಿರುಗಿತ್ತು. ಬೇರೆ ಎಂಜಿನ್, ಆದರೆ ತಪ್ಪು ಇದೇ. ಕವರ್ ಮುಚ್ಚೋ ಮೊದಲು ಸ್ಟಾರ್ಟರ್ ತಿರುಗಿಸಿ, ಎಂಟೂ ರಾಕರ್‌ಗೆ ಎಣ್ಣೆ ಜಿನುಗೋದು ಕಣ್ಣಾರೆ ನೋಡಿ.

ಇನ್ನೊಂದು. ಅಂಬಾಸಿಡರ್‌ನಲ್ಲಿ ಸ್ಟ್ಯಾಂಡ್‌ನ ಒಂದು ಸಾಲಿನ ನಟ್‌ಗಳೇ ಹೆಡ್ ನಟ್‌ಗಳೂ ಹೌದು. ಗಾಡಿ ಮೇಲೆ ಶಿಮ್ ಹಾಕಿ ತೆಗೆದು ಪ್ರಯೋಗ ಮಾಡಬೇಡಿ. ಅವನ್ನಷ್ಟೇ ಸಡಿಲ ಮಾಡಿದರೆ ಹೆಡ್ ತಿರುಚಿಕೊಂಡು ಗ್ಯಾಸ್ಕೆಟ್ ಹೋಗುತ್ತೆ.

ಹಳೇ ಟೂಲ್‌ರೂಮ್

ಇದು ನಾನು ಮರೆತಿದ್ದೆ. ಥ್ಯಾಂಕ್ಸ್ ಫಿಟ್ಟರ್ ಸಾಹೇಬ್ರೆ. ಪ್ರಯೋಗ ಎಲ್ಲ ಬೆಂಚ್ ಮೇಲೇ ಆಗಲಿ.

ಅಂಬಿ ತುಮಕೂರು

ಮೂರು ವಾರ ಆಯ್ತು, ತಡವಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಈ ಸಲ ಬೇರೆ ಅಂಗಡಿಗೆ ಹೋದೆ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ನಾಲ್ಕು ಎಕ್ಸಾಸ್ಟ್ ಸೀಟ್ ಬಳೆ ಹೊಡೆದರು. ಬಳೆ ಫ್ರಿಜ್‌ನ ಐಸ್ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟಿದ್ದರು, ಹೆಡ್ ಬಿಸಿ ಮಾಡಿ ಒಂದೇ ಏಟಿಗೆ ಕೂರಿಸಿದರು. ಆ ಏಟಿನ ಸದ್ದು ಮೊದಲು ಟಣ್ ಅಂತ ಇದ್ದದ್ದು ತಳ ಮುಟ್ಟಿದಾಗ ದಪ್ಪ ಆಗುತ್ತೆ. ಟರ್ನರ್ ಅಣ್ಣ "ಕೇಳಿಸ್ತಾ, ಕೂತ್ಕೊಂಡ್ತು" ಅಂದರು. ಒಂದೊಂದು ಕಟ್‌ಗೂ ವಾಲ್ವ್ ಇಳಿಸಿ ಎತ್ತರ ಅಳೆದರು. ಈಗ ಎಂಟೂ 0.2 ಮಿ.ಮೀ. ಒಳಗೆ ಇವೆ.

ರಾಕರ್‌ಗಳ ಮುಖ ಉಜ್ಜಿಸೋಣ ಅಂದುಕೊಂಡಿದ್ದೆ, ಎರಡರಲ್ಲಿ ಗುಂಡಿ ಆಳ ಇತ್ತು. ಎಂಟೂ ಹೊಸದೇ ತಗೊಂಡೆ. ಅಪ್ಪನಿಗೆ ಬಿಲ್ ತೋರಿಸಿಲ್ಲ.

ಆಮೇಲೆ ನಿಮ್ಮ ಬೆಂಚ್ ಪರೀಕ್ಷೆ. ಅಡುಗೆಮನೆ ಕಟ್ಟೆ ಮೇಲೆ ಪೇಪರ್ ಹಾಸಿ ಹೆಡ್ ಇಟ್ಟೆ. ಒಂದು ವಾಲ್ವ್‌ಗೆ ಸ್ಪ್ರಿಂಗ್ ತೆಗೆದು ಮೆತ್ತನೆ ಸ್ಪ್ರಿಂಗ್ ಹಾಕಿದೆ, ತುದಿಗೆ ಕಪ್ಪು ಮಾರ್ಕರ್ ಬಳಿದೆ, ಡಯಲ್ ಗೇಜ್ ಇಟ್ಟು ರಾಕರ್ ಪೂರ್ತಿ ಲಿಫ್ಟ್‌ವರೆಗೆ ಇಪ್ಪತ್ತು ಸಲ ಒತ್ತಿದೆ. ಶಿಮ್ ಇಲ್ಲದೇ ನೋಡಿದರೆ ಮಸಿ ಹೋದ ಪಟ್ಟಿ ಅಗಲ, ತುದಿಯ ನಡುವೆ ಇಲ್ಲ, ಶಾಫ್ಟ್ ಕಡೆಗೆ ವಾಲಿದೆ. 1 ಮಿ.ಮೀ. ಶಿಮ್ ಹಾಕಿ ಮತ್ತೆ ಮಸಿ ಬಳಿದು ಒತ್ತಿದೆ. ಪಟ್ಟಿ ಸಣ್ಣಗೆ ಪೆನ್ಸಿಲ್ ಗೆರೆಯಂತೆ ಬಂತು, ಹೆಚ್ಚುಕಮ್ಮಿ ನಡುವೆ. ಕುತೂಹಲಕ್ಕೆ 2 ಮಿ.ಮೀ. ಹಾಕಿದರೆ ಮತ್ತೆ ಅಗಲ ಆಯ್ತು. ಹಿಂದೆ ಮುಂದೆ ಎರಡೂ ಕಡೆ ಕೆಡೋದು ನೋಡಿದ ಮೇಲೆ ನಂಬಿಕೆ ಬಂತು.

ಎಸ್‌ಐಟಿ ಮೆಕ್ಯಾನಿಕಲ್

ಫೋಟೊ ಹಾಕಿ ಸರ್, ಪ್ಲೀಸ್! ನಮ್ಮ ಲ್ಯಾಬ್‌ನಲ್ಲಿ ಇದನ್ನ ಯಾರೂ ತೋರಿಸಿಲ್ಲ.

ಕೆಜಿಎಫ್ ಫಿಟ್ಟರ್

ಸ್ಕ್ರೂ ಈಗ ಎಲ್ಲಿದೆ? ಅದು ಹೇಳಿ ಮೊದಲು.

ಅಂಬಿ ತುಮಕೂರು

ಅದೇ ತಮಾಷೆ ನೋಡಿ. ಜೋಡಿಸಿ ಟ್ಯಾಪೆಟ್ ಇಟ್ಟರೆ ಸ್ಕ್ರೂಗಳು ಕೆಳಗಿಳಿದು ಬಂದಿವೆ. ಕೆಳಗೆ ಮೂರ್ನಾಲ್ಕು ಎಳೆ ಕಾಣುತ್ತೆ. ಪುಶ್‌ರಾಡ್‌ಗೆ ಕೈಯೇ ಹಚ್ಚಿಲ್ಲ.

ಹಳೇ ಟೂಲ್‌ರೂಮ್

ಶಾಫ್ಟ್ ಎತ್ತರ ಆದಾಗ ರಾಕರ್‌ನ ಪುಶ್‌ರಾಡ್ ಕಡೆಯೂ ಮೇಲೆದ್ದಿತು, ಸ್ಕ್ರೂ ಕೆಳಗೆ ಬರಲೇಬೇಕು. ಅವತ್ತೇ 2 ಮಿ.ಮೀ. ಕತ್ತರಿಸಿದ್ದರೆ ಇವತ್ತು ಎಂಟು ಪುಶ್‌ರಾಡ್ ಗಿಡ್ಡ ಆಗಿ, ಹೊಸದು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿತ್ತು.

ಕೆಜಿಎಫ್ ಫಿಟ್ಟರ್

ಒಪ್ಪಿದೆ ಸಾರ್. ಶಾಫ್ಟ್ ಎಂಜಿನ್‌ಗೆ ನಾನು ಹೇಳಿದ್ದು ತಪ್ಪು. ಟ್ಯಾಪೆಟ್ ಹೇಗೆ ಇಟ್ಟಿರಿ, 9ರ ಲೆಕ್ಕದಲ್ಲಾ?

ಅಂಬಿ ತುಮಕೂರು

ಹೌದು. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದು, 6 ತೆರೆದಾಗ 3, ಹೀಗೆ ಎರಡೂ ಕೂಡಿ 9 ಆಗೋ ಹಾಗೆ. ಇದು ಅಪ್ಪ ಹೇಳಿಕೊಟ್ಟಿದ್ದು, ನನಗೆ ಹತ್ತು ವರ್ಷ ಆಗಿದ್ದಾಗ. ಈ ಸಲ ಪಕ್ಕದಲ್ಲಿ ನಿಂತು ಅವರೇ ನಂಬರ್ ಕೂಗಿದರು.

ಎಣ್ಣೆ ಎಂಟಕ್ಕೂ ಬಂತು. 7ನೇದಕ್ಕೆ ಸ್ವಲ್ಪ ತಡವಾಗಿ ಬಂತು, ಎದೆ ಡವಡವ ಅಂದಿತ್ತು. ಸದ್ದು ಈಗ ಇದೆ, ಆದರೆ ಎಂಟೂ ಒಂದೇ ಥರ, ಮೆಲ್ಲಗೆ. ನಿನ್ನೆ ದೇವರಾಯನದುರ್ಗ ಹತ್ತಿಸಿದೆವು, ಎರಡನೇ ಗೇರಲ್ಲೇ ಹೋಯ್ತು.

ಬುಲೆಟ್ ಹುಡ್ಗ

ಅಣ್ಣ, ಆ ಮೆತ್ತನೆ ಸ್ಪ್ರಿಂಗ್ ಎಲ್ಲಿಂದ ತಂದ್ರಿ?

ಅಂಬಿ ತುಮಕೂರು

ಹಳೇ ಟಾರ್ಚ್‌ದಪ್ಪ. ಅಜ್ಜಿ ಈಗಲೂ ಟಾರ್ಚ್ ಹುಡುಕ್ತಾ ಇದ್ದಾರೆ.